ಹಿಡಿಕಡ್ಡಿ, ಚಿಪ್ಪಿ, ಮಳೆಬಾಟಲಿ: ಕರಾವಳಿ ಶಾಲೆಯಲ್ಲಿ ಮಕ್ಕಳ ಕೈಗೆ ಕೆಲಸ ಕೊಡುವ ಬಗೆ

ಮೂರನೇ ತರಗತಿಯ ಹುಡುಗಿಯೊಬ್ಬಳು ಹಲಗೆಯ ಮೇಲೆ 42ರಿಂದ 17 ಕಳೆದು 35 ಎಂದು ಬರೆದಳು. ಏಳರಲ್ಲಿ ಎರಡು ಕಳೆದರೆ ಐದು, ನಾಲ್ಕರಲ್ಲಿ ಒಂದು ಕಳೆದರೆ ಮೂರು. ಅವಳ ಲೆಕ್ಕ ಅಷ್ಟೇ. ಅದೇ ಹುಡುಗಿ ಸಂಜೆ ತಾಯಿಯ ಮೀನುಬುಟ್ಟಿಯ ಪಕ್ಕ ಕೂತು, ನೂರರ ನೋಟಿಗೆ ಎಪ್ಪತ್ತೈದು ಮುರಿದುಕೊಂಡು ಇಪ್ಪತ್ತೈದು ಚಿಲ್ಲರೆ ಕೊಡುವುದನ್ನು ನಾನೇ ನೋಡಿದ್ದೆ. ಅಲ್ಲಿ ಒಂದು ರೂಪಾಯಿಯೂ ತಪ್ಪುತ್ತಿರಲಿಲ್ಲ. ಪೇಟೆಯಲ್ಲಿ ಬರುವ ಲೆಕ್ಕ ಶಾಲೆಯಲ್ಲಿ ಯಾಕೆ ಬರುವುದಿಲ್ಲ? ಈ ಪ್ರಶ್ನೆಯ ಹಿಂದೆ ಬಿದ್ದು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದರಿಂದ ಐದನೇ ತರಗತಿಯವರೆಗೆ ಕಲಿಸುವವರಿಗೆ, ಅದರಲ್ಲೂ ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಕೂರಿಸಿಕೊಂಡವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೊಸದರಲ್ಲಿ ನಾನು ವಾರಕ್ಕೆ ಹತ್ತು ಹನ್ನೆರಡು ಚಟುವಟಿಕೆ ಮಾಡಿಸುತ್ತಿದ್ದೆ. ಥರ್ಮಾಕೋಲ್, ಬಣ್ಣದ ಕಾಗದ, ಮಿಂಚುಪುಡಿ. ರಾತ್ರಿ ಹನ್ನೊಂದರವರೆಗೆ ಕತ್ತರಿಸಿ ಅಂಟಿಸಿದ್ದೇ ಅಂಟಿಸಿದ್ದು. ನೋಡಲು ಬಂದವರು ಫೋಟೊ ತೆಗೆದುಕೊಂಡು ಹೋದರು. ಮಕ್ಕಳು ಖುಷಿಪಟ್ಟರು, ಆದರೆ 42ರಿಂದ 17 ಕಳೆದರೆ 35 ಎಂದೇ ಬರೆದರು. ಕೈಗೆ ಕೊಟ್ಟ ಸಾಮಾನು ಪ್ರತಿದಿನ ಬದಲಾದರೆ ಮಗುವಿನ ಗಮನವೆಲ್ಲ ಸಾಮಾನಿನ ಮೇಲೆಯೇ ಇರುತ್ತದೆ, ಲೆಕ್ಕದ ಕಡೆ ತಿರುಗುವುದಿಲ್ಲ. ಈಗ ನನ್ನದು ಒಂದೇ ಪದ್ಧತಿ: ಸಾಮಾನು ಒಂದು, ವಾರ ಹಲವು, ಮುಟ್ಟಿದ ಮೇಲೆ ಮಾತು. ಆ ಮಾತು ಮಗುವಿನ ಬಾಯಿಂದ ಬರಬೇಕು.

ನಲಿ-ಕಲಿಯಲ್ಲೂ ಇದೇ ತತ್ವವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಆ ಪದ್ಧತಿಯಲ್ಲಿ ಕಲಿಕಾ ಏಣಿ (ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ್ಟಿ), ಕಾರ್ಡು, ತಲೆಯ ಮೇಲೆ ಕಟ್ಟಿದ ಕಲಿಕಾ ಚಪ್ಪರ, ಹವಾಮಾನ ನಕ್ಷೆ ಎಲ್ಲವೂ ಇವೆ. ಆದರೆ ಕಾರ್ಡಿನಲ್ಲಿ ಚಿತ್ರವಿದೆ ಎಂದು ಕೈಗೆ ವಸ್ತು ಕೊಡುವುದನ್ನು ನಾವು ಬಿಟ್ಟುಬಿಡುತ್ತೇವೆ. ಮುಂದೆ ಹೇಳುವುದೆಲ್ಲ ಅದೇ ಏಣಿಯ ಮೆಟ್ಟಿಲಿಗೆ ಹೊಂದಿಕೊಳ್ಳುತ್ತದೆ, ಬೇರೆ ವೇಳಾಪಟ್ಟಿ ಬೇಕಿಲ್ಲ.

ಸಾಮಾನು ಕೂಡಿಸುವುದು

ಜೂನ್ ಮೊದಲ ವಾರ ಅಂಗಡಿಗೆ ಹೋಗಬೇಡಿ. ಮಕ್ಕಳ ಕೈಯಲ್ಲೇ ತರಿಸಿ. ಕರಾವಳಿಯಲ್ಲಾದರೆ ತೆಂಗಿನ ಹಿಡಿಕಡ್ಡಿ (ಪೊರಕೆ ಕಡ್ಡಿ), ಖಾಲಿ ಬಳಚಿನ ಚಿಪ್ಪಿ, ಗಾಳಿಮರದ ಕಾಯಿ, ಹುಣಸೆಬೀಜ, ಗೆರಟೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಯವರಾದರೆ ಅಡಿಕೆ ಸಿಪ್ಪೆ, ಹಾಳೆ, ಬಿದಿರಿನ ತುಂಡು. ಒಂದೊಂದು ಜಾತಿಗೂ ಒಂದೊಂದು ಡಬ್ಬಿ. ಪೇಂಟಿನ ಖಾಲಿ ಡಬ್ಬಿ ಬೇಡ, ಅಡುಗೆ ಎಣ್ಣೆಯ ಡಬ್ಬಿ ತೊಳೆದರೆ ಸಾಕು.

ಚಿಪ್ಪಿಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಸತ್ತು ಖಾಲಿಯಾದ ಸಾಮಾನ್ಯ ಜೋಡಿಚಿಪ್ಪಿ ಮಾತ್ರ ಹೆಕ್ಕಲಿ. ಕೆಲವು ಶಂಖಗಳು ವನ್ಯಜೀವಿ ಕಾಯ್ದೆಯಡಿ ರಕ್ಷಿತ. ಶಂಕುವಿನ ಆಕಾರದ ಜೀವಂತ ಶಂಖದ ಹುಳ ವಿಷದ ಮುಳ್ಳು ಚುಚ್ಚುತ್ತದೆ. ಹೆಕ್ಕಿ ತಂದ ಚಿಪ್ಪಿಯನ್ನು ಎರಡು ದಿನ ನೀರಲ್ಲಿ ನೆನೆಸಿ, ನಾರಿನಿಂದ ಉಜ್ಜಿ, ಬಿಸಿಲು ಬಿದ್ದ ದಿನ ಒಣಗಿಸಿ. ಸರಿಯಾಗಿ ತೊಳೆಯದಿದ್ದರೆ ಮೂರನೇ ದಿನ ಕೋಣೆಯೊಳಗೆ ಕೂರಲಾಗದು, ಇದು ಅನುಭವದ ಮಾತು. ಚೂಪು ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ.

ಗುಲಗಂಜಿ ಬೇಡವೇ ಬೇಡ. ಕೆಂಪು ಕಪ್ಪು ಬಣ್ಣಕ್ಕೆ ಮಕ್ಕಳು ಮರುಳಾಗುತ್ತಾರೆ, ಆದರೆ ಅದರ ಬೀಜ ವಿಷ. ನಮ್ಮ ಬೇಣದಲ್ಲೆಲ್ಲ ಬೆಳೆಯುವ ಕಾಸರಕನ ಬೀಜವೂ ಹಾಗೇ. ಒಂದನೇ ತರಗತಿಯ ಮಕ್ಕಳು ಹುಣಸೆಬೀಜವನ್ನು ಮೂಗಿಗೂ ತುರುಕಿಕೊಳ್ಳುತ್ತಾರೆ. ಅವರಿಗೆ ದೊಡ್ಡ ಚಿಪ್ಪಿ, ಗೆರಟೆ ತುಂಡಿನಂಥವನ್ನಷ್ಟೇ ಕೊಡಿ.

ಅಕ್ಷರ ತಿದ್ದಲು ಮರಳುತಟ್ಟೆ ಮಾಡುವವರಿಗೆ ಒಂದು ಮಾತು. ಕಡಲತಡಿಯ ಮರಳನ್ನು ಹಾಗೇ ತುಂಬಿದರೆ ಮಳೆಗಾಲದಲ್ಲಿ ಅದು ಒದ್ದೆಯಾಗಿಯೇ ಇರುತ್ತದೆ. ಮರಳಿಗಂಟಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಸಿಹಿನೀರಲ್ಲಿ ನಾಲ್ಕೈದು ಸಲ ತೊಳೆದು ಒಣಗಿಸಿ, ಇಲ್ಲವೇ ಹೊಳೆಮರಳು ಬಳಸಿ.

ಹಿಡಿಕಡ್ಡಿಯ ಕಂತೆ

ನನ್ನ ಕೋಣೆಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ಸಾಮಾನು ಇದೇ. ಆದ್ದರಿಂದ ಇದನ್ನು ವಿವರವಾಗಿ ಹೇಳುತ್ತೇನೆ.

ಐದು ಮಕ್ಕಳ ಗುಂಪಿಗೆ ನೂರಿಪ್ಪತ್ತು ಕಡ್ಡಿ ಬೇಕು. ಮಗುವಿನ ಒಂದು ಗೇಣುದ್ದಕ್ಕೆ ಕತ್ತರಿಸಿ, ತುದಿಯ ಚೂಪು ತೆಗೆಯಿರಿ. ಕಣ್ಣಿಗೆ ಚುಚ್ಚುವ ಅಪಾಯ ಇರುವುದು ಅಲ್ಲೇ. ಕಟ್ಟಲು ರಬ್ಬರ್ ಬ್ಯಾಂಡ್ ಬೇಡ, ಮಳೆಗಾಲ ಮುಗಿಯುವುದರೊಳಗೆ ಅಂಟಂಟಾಗಿ ಹರಿದುಹೋಗುತ್ತದೆ. ಬಾಳೆನಾರು ಒಳ್ಳೆಯದು, ಬಿಚ್ಚಿ ಕಟ್ಟುವ ಕೆಲಸದಲ್ಲಿ ಬೆರಳೂ ಪಳಗುತ್ತದೆ.

ಮೊದಲ ಮೂರು ದಿನ ಕಂತೆ ಕಟ್ಟುವುದು ಮಾತ್ರ. ಹತ್ತು ಕಡ್ಡಿಗೆ ಒಂದು ಕಂತೆ, ಹತ್ತು ಕಂತೆಗೆ ಒಂದು ಹೊರೆ. ಕಟ್ಟಿದ ಕಂತೆಯನ್ನು ಪಕ್ಕದ ಗುಂಪು ಬಿಚ್ಚಿ ಎಣಿಸಿ ನೋಡಬೇಕು. ಒಂಬತ್ತಿದ್ದರೆ ವಾಪಸ್. ಇದೊಂದು ಆಟವೇ ಆಗಿಬಿಡುತ್ತದೆ, ಅವಸರ ಮಾಡಬೇಡಿ. ಆಮೇಲೆ ನೀವು ‘ಮೂವತ್ತಾರು’ ಎಂದರೆ ಅವರು ಮೂರು ಕಂತೆ, ಆರು ಬಿಡಿಕಡ್ಡಿ ಎತ್ತಿ ತೋರಿಸಲಿ. ಯಾರಾದರೂ ಮೂವತ್ತಾರು ಬಿಡಿಕಡ್ಡಿ ಎಣಿಸುತ್ತಾ ಕೂತರೆ ತಡೆಯಬೇಡಿ. ಬೇಸರ ಬಂದು ಅವರೇ ಕಂತೆಗೆ ಬರುತ್ತಾರೆ.

ನಾಲ್ಕನೇ ದಿನ ಕಳೆಯುವುದು. ಮಗುವಿನ ಮುಂದೆ ನಾಲ್ಕು ಕಂತೆ, ಎರಡು ಬಿಡಿಕಡ್ಡಿ. ‘ನಂಗೆ ಹದಿನೇಳು ಕೊಡು’ ಎನ್ನಿ. ಒಂದು ಕಂತೆ ಕೊಡುತ್ತದೆ. ಏಳು ಬಿಡಿಕಡ್ಡಿ ಬೇಕು, ಇರುವುದು ಎರಡು. ಇಲ್ಲಿ ಮಗು ನಿಮ್ಮ ಮುಖ ನೋಡುತ್ತದೆ. ಸುಮ್ಮನಿರಿ. ‘ಕಂತೆ ಬಿಚ್ಚು’ ಎಂಬ ಎರಡು ಶಬ್ದ ನಿಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ. ನುಂಗಿಕೊಳ್ಳಿ. ನಾನು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತೇನೆ. ಗುಂಪಿನಲ್ಲಿ ಯಾರಾದರೊಬ್ಬರು ‘ಅದ್ನ ಬಿಚ್ಚೇ’ ಎಂದು ಹೇಳೇ ಹೇಳುತ್ತಾರೆ. ಬಿಚ್ಚಿದ ಮೇಲೆ ಬಿಡಿಕಡ್ಡಿ ಹನ್ನೆರಡು, ಏಳು ಕೊಟ್ಟರೆ ಐದು. ಉಳಿದದ್ದು ಎರಡು ಕಂತೆ, ಐದು ಕಡ್ಡಿ. ಇಪ್ಪತ್ತೈದು. ಇನ್ನೂ ಏನನ್ನೂ ಬರೆಸಬೇಡಿ. ‘ಏನು ಮಾಡಿದೆ ಹೇಳು’ ಎಂದು ಬಾಯಲ್ಲಿ ಹೇಳಿಸಿ, ಅದೂ ಮಗುವಿನ ಮನೆಮಾತಿನಲ್ಲೇ.

ಒಂದು ವಾರ ಹೀಗೆ ಬರೀ ಕೈ ಮತ್ತು ಬಾಯಿ. ಎರಡನೇ ವಾರ ಚಿತ್ರ: ಕಂತೆಗೊಂದು ಉದ್ದ ಗೆರೆ, ಬಿಡಿಗೊಂದು ಚುಕ್ಕಿ. ಕಂತೆ ಬಿಚ್ಚಿದ್ದನ್ನು ಹೇಗೆ ಬರೆಯುವುದೆಂದು ಅವರೇ ಹುಡುಕಲಿ. ನನ್ನ ತರಗತಿಯಲ್ಲಿ ಒಬ್ಬ ಗೆರೆಯ ಮೇಲೆ ಕಾಟು ಹಾಕಿ ಪಕ್ಕದಲ್ಲಿ ಹತ್ತು ಚುಕ್ಕಿ ಇಟ್ಟ, ಉಳಿದವರೆಲ್ಲ ಅದನ್ನೇ ಹಿಡಿದರು. ಮೂರನೇ ವಾರ ಕಡ್ಡಿಯ ಪಕ್ಕದಲ್ಲೇ ಅಂಕಿ ಬರೆಯಬೇಕು, ಕೈ ಒಂದು ಹೆಜ್ಜೆ ಇಟ್ಟರೆ ಪೆನ್ಸಿಲ್ ಒಂದು ಹೆಜ್ಜೆ. ನಾಲ್ಕರ ಮೇಲೆ ಗೀಟು ಎಳೆದು ಮೂರು ಬರೆಯುವುದೆಂದರೆ ಏನು ಎಂಬುದು ಆಗ ವಿವರಿಸದೆಯೇ ತಿಳಿಯುತ್ತದೆ. ಆಮೇಲೆ ಬರೀ ಅಂಕಿ. ಡಬ್ಬಿ ಮಾತ್ರ ಪಕ್ಕದಲ್ಲಿರಲಿ, ಸಂಶಯ ಬಂದವರು ಹೋಗಿ ನೋಡಿಕೊಳ್ಳಲಿ.

ಪರೀಕ್ಷೆ ಮಾಡಬೇಕೆಂದರೆ ಎರಡು ಗುಂಪಿನ ಕಡ್ಡಿ ಸೇರಿಸಿ 203ರಿಂದ 78 ಕಳೆಯಲು ಹೇಳಿ. ನಡುವೆ ಸೊನ್ನೆ ಬಂದರೆ ದೊಡ್ಡ ತರಗತಿಯವರೂ ಮುಗ್ಗರಿಸುತ್ತಾರೆ. ಎರಡು ಹೊರೆ, ಮೂರು ಬಿಡಿ, ಕಂತೆಯೇ ಇಲ್ಲ. ಮೊದಲು ಹೊರೆ ಬಿಚ್ಚಬೇಕು, ಬಂದ ಹತ್ತು ಕಂತೆಯಲ್ಲಿ ಒಂದನ್ನು ಬಿಚ್ಚಬೇಕು. ಕೈಯಲ್ಲಿ ಈಗ ಒಂದು ಹೊರೆ, ಒಂಬತ್ತು ಕಂತೆ, ಹದಿಮೂರು ಬಿಡಿ. ಉತ್ತರ 125. ‘ಸೊನ್ನೆ ಒಂಬತ್ತಾಗುತ್ತದೆ’ ಎಂದು ನಾನು ಎಷ್ಟೋ ವರ್ಷ ಮಂತ್ರದಂತೆ ಹೇಳಿಸಿದ್ದೆ. ಆ ಒಂಬತ್ತು ಎಲ್ಲಿಂದ ಬಂತೆಂದು ಒಬ್ಬರೂ ಕೇಳಿರಲಿಲ್ಲ.

ಪಾಲು ಹಾಕುವ ಆಟ

ಭಾಗಾಕಾರಕ್ಕೆ ಮೀನುಪೇಟೆಗಿಂತ ಒಳ್ಳೆಯ ಪಾಠ ನಮ್ಮಲ್ಲಿಲ್ಲ. ಬಂಗಡೆ, ತಾರ್ಲೆಯನ್ನು ಪಾಲು ಮಾಡಿ ಮಾರುವುದನ್ನು ಮಕ್ಕಳು ದಿನಾ ನೋಡುತ್ತಾರೆ. ಹಳೇ ಪೇಪರು ಮಡಚಿ ಮೀನು ಮಾಡಿಸಿ, ನೆಲದ ಮೇಲೆ ಬಾಳೆಲೆ ಹಾಸಿ ಪೇಟೆ ಶುರು ಮಾಡಿ. ಮೀನು ತಿನ್ನದ ಮನೆಯ ಮಕ್ಕಳಿದ್ದರೆ ಪಕ್ಕದಲ್ಲೇ ಸೌತೆಕಾಯಿ, ಬಾಳೆಕಾಯಿ ಅಂಗಡಿಯೂ ಇರಲಿ. ಆ ಆಯ್ಕೆ ಮಗುವಿನದು, ಅದರ ಬಗ್ಗೆ ತರಗತಿಯಲ್ಲಿ ಮಾತೇ ಎತ್ತಬೇಡಿ.

23 ಬಂಗಡೆ ಕೊಟ್ಟು ಐದು ಪಾಲು ಹಾಕಲು ಹೇಳಿ. ನಾಲ್ಕು ನಾಲ್ಕು ಆಗಿ ಮೂರು ಉಳಿಯುತ್ತದೆ. ಉಳಿದದ್ದನ್ನು ಏನು ಮಾಡುತ್ತೀರಿ? ಪುಸ್ತಕ ‘ಶೇಷ’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಮಕ್ಕಳು ಹಾಗಲ್ಲ. ‘ಕೊಸರು ಹಾಕೂದು’ ಎಂದ ಒಬ್ಬ. ‘ಮನೆ ಪದಾರ್ಥಕ್ಕೆ ಇಟ್ಕಳೂದು’ ಎಂದಳು ಇನ್ನೊಬ್ಬಳು. ‘ಬೆಕ್ಕಿಗೆ’ ಎಂದವನೂ ಇದ್ದ. ಐದು ಗಿರಾಕಿಗಳಲ್ಲಿ ಮೂವರಿಗೆ ಮಾತ್ರ ಕೊಸರು ಸಿಕ್ಕರೆ ಉಳಿದಿಬ್ಬರು ಜಗಳ ಮಾಡುವುದಿಲ್ಲವೇ ಎಂದು ಕೇಳಿದೆ. ಅವತ್ತಿನ ಗಣಿತ ಅವಧಿ ಪೂರ್ತಿ ನ್ಯಾಯಪಂಚಾಯ್ತಿಯಲ್ಲೇ ಕಳೆಯಿತು, ಕೊನೆಗೆ ಎರಡು ಮೀನು ಹೆಚ್ಚು ತಂದರೆ ಐದೈದರ ಪಾಲಾಗುತ್ತದೆಂದು ಅವರೇ ಹೇಳಿದರು. ಅವಧಿ ಹಾಳಾಯಿತೆಂದು ನನಗನ್ನಿಸಲಿಲ್ಲ.

ಇದೇ ಪೇಟೆಯಲ್ಲಿ ಅಳತೆಯನ್ನೂ ಮುಗಿಸಬಹುದು. ಹೂಮಾಲೆಯನ್ನು ಮೊಳದ ಲೆಕ್ಕದಲ್ಲಿ ಮಾರಿಸಿ. ಒಂದನೇ ತರಗತಿಯ ಮಗುವಿನ ಮೊಳಕ್ಕೂ ಅಕ್ಕೋರ ಮೊಳಕ್ಕೂ ಇರುವ ವ್ಯತ್ಯಾಸ ಕಂಡಾಗ ಮೀಟರ್ ಪಟ್ಟಿ ಯಾಕೆ ಬೇಕೆಂದು ಬೇರೆ ಹೇಳಬೇಕಿಲ್ಲ.

ಮಳೆಬಾಟಲಿ

ಕಾರವಾರದ ಕಡೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಷ್ಟು ಮಳೆ ಬೀಳುವ ಊರಿನ ಮಕ್ಕಳು ಹವಾಮಾನ ನಕ್ಷೆಯಲ್ಲಿ ದಿನಾ ಅದೇ ಕೊಡೆಯ ಚಿತ್ರ ಅಂಟಿಸುತ್ತಾ ಕೂತರೆ ಏನು ಸ್ವಾರಸ್ಯ? ಅಳೆಯಬೇಕು.

ಎರಡು ಲೀಟರಿನ ಬಾಟಲಿ ತೆಗೆದುಕೊಳ್ಳಿ. ಮೈ ನೇರವಾಗಿರಬೇಕು, ಏರಿಳಿತದ ಪಟ್ಟೆ ಇದ್ದರೆ ಲೆಕ್ಕ ಕೆಡುತ್ತದೆ. ಹೆಗಲು ಬಾಗಲು ಶುರುವಾಗುವ ಜಾಗದಲ್ಲಿ ಕತ್ತರಿಸಿ. ಈ ಕತ್ತರಿ ಕೆಲಸ ನಿಮ್ಮದು, ಮಕ್ಕಳದ್ದಲ್ಲ. ಮೇಲಿನ ತುಂಡನ್ನು ಮುಚ್ಚಳ ತೆಗೆದು ತಲೆಕೆಳಗಾಗಿ ಒಳಗಿಟ್ಟರೆ ಅದೇ ಆಲಿಕೆ. ಅಂಚಿಗೆ ಸುತ್ತ ಟೇಪು ಸುತ್ತಿ. ಬಾಟಲಿಯ ತಳ ಸಮನಾಗಿರುವುದಿಲ್ಲವಲ್ಲ, ಅದಕ್ಕೆ ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗಿ ಬಾಟಲಿಯ ನೇರ ಮೈ ಮುಟ್ಟುವಷ್ಟು ನೀರು ತುಂಬಿ, ಆ ಮಟ್ಟದಲ್ಲಿ ಗೆರೆ ಎಳೆಯಿರಿ. ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಇಟ್ಟು ಮಿಲಿಮೀಟರ್ ಗುರುತು ಮಾಡಿ ಪಾರದರ್ಶಕ ಟೇಪು ಅಂಟಿಸಿ, ಇಲ್ಲದಿದ್ದರೆ ಎರಡೇ ದಿನದಲ್ಲಿ ಅಳಿಸಿಹೋಗುತ್ತದೆ.

ಮರಳು ತುಂಬಿದ ಬಕೆಟ್ಟಿನಲ್ಲಿ ಬಾಟಲಿ ಹೂತಿಡಿ, ಗಾಳಿಗೆ ಬೀಳಬಾರದು. ಮರದ ಹತ್ತಿರ, ಕಟ್ಟಡದ ಮಾಡಿನ (ಸೂರಿನ) ಹತ್ತಿರ ಬೇಡ. ಮಾಡು ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಲಿ. ಪ್ರಾರ್ಥನೆ ಮುಗಿದ ಕೂಡಲೇ ಇಬ್ಬರು ಹೋಗಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಲಿ, ಪಟ್ಟಿಯಲ್ಲಿ ಬರೆಯಲಿ, ಸೊನ್ನೆಯ ಗೆರೆಯವರೆಗೆ ಚೆಲ್ಲಲಿ. ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಮುಗಿಸುವುದು ಬೆಳಿಗ್ಗೆ 8.30ಕ್ಕೆ, ನಮ್ಮದು ಹತ್ತು ಗಂಟೆಗೆ. ಆದ್ದರಿಂದ ಪತ್ರಿಕೆಯ ಅಂಕಿಗೂ ನಮ್ಮದಕ್ಕೂ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ, ಯಾಕೆ ಆಗಲಿಲ್ಲ ಎಂದು ಚರ್ಚೆ ಮಾಡಿಸಿ. ಜುಲೈಯಲ್ಲಿ ಬಾಟಲಿ ತುಂಬಿ ಚೆಲ್ಲುವ ದಿನಗಳಿರುತ್ತವೆ, ಆಗ ಸಂಜೆ ಮನೆಗೆ ಹೋಗುವಾಗ ಇನ್ನೊಮ್ಮೆ ಓದಿಸಿ.

ರೆಡ್ ಅಲರ್ಟ್ ಎಂದು ರಜೆ ಕೊಟ್ಟ ದಿನ ಯಾರು ಓದುವುದು? ಯಾರೂ ಬೇಡ. ಹತ್ತಿರದ ಮನೆಯ ಮಗುವಿಗೂ ಹೇಳಬೇಡಿ. ರಜೆ ಮುಗಿದ ಮೇಲೆ ‘ಎರಡು ದಿನಕ್ಕೆ ಇಷ್ಟು’ ಎಂದು ಬರೆದರಾಯಿತು. ತುಂಬಿ ಹರಿದಿದ್ದರೆ ‘ಇದಕ್ಕಿಂತ ಹೆಚ್ಚು’ ಎಂದು ಬರೆಸಿ. ಅಳತೆಗೆ ಸಿಗದ್ದನ್ನು ಅಂದಾಜಿನಲ್ಲಿ ತುಂಬಿಸಬಾರದೆಂಬುದೂ ಕಲಿಯಬೇಕಾದ ವಿಷಯವೇ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಎಂದು ಇಲಾಖೆಯ ಲೆಕ್ಕ. ಈ ಮೂರು ಗೆರೆಗಳನ್ನು ಗೋಡೆಯ ಪಟ್ಟಿಯಲ್ಲಿ ಬಣ್ಣದಲ್ಲಿ ಎಳೆದಿಡಿ. ಟಿವಿಯಲ್ಲಿ ಕೇಳುವ ಶಬ್ದಕ್ಕೆ ಮಕ್ಕಳು ತಾವೇ ಅರ್ಥ ಹಚ್ಚುತ್ತಾರೆ.

ಈಗ ಸ್ವಾರಸ್ಯದ ಭಾಗ. ಮನೆಯಲ್ಲಿ ಅಜ್ಜಿಯಂದಿರು ಮಿಲಿಮೀಟರ್ ಎನ್ನುವುದಿಲ್ಲ, ‘ಆರಿದ್ರಾ ಮಳೆ ಚಲೋ ಹೊಡೀತು’ ಎನ್ನುತ್ತಾರೆ. ಮೃಗಶಿರ ಜೂನ್ 7-8ರ ಹೊತ್ತಿಗೆ, ಆರಿದ್ರಾ 21-22ಕ್ಕೆ, ಪುನರ್ವಸು ಜುಲೈ 5-6ಕ್ಕೆ, ಪುಷ್ಯ 19-20ಕ್ಕೆ, ಆಶ್ಲೇಷ ಆಗಸ್ಟ್ 2-3ಕ್ಕೆ ಹುಟ್ಟುತ್ತದೆ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ನಿಮ್ಮ ಪಟ್ಟಿಯನ್ನು ತಿಂಗಳಿಗೆ ಕೂಡಿಸುವ ಬದಲು ಈ ನಕ್ಷತ್ರಗಳ ಲೆಕ್ಕಕ್ಕೆ ಕೂಡಿಸಿ, ಒಂದೊಂದಕ್ಕೂ ಒಂದೊಂದು ಕಂಬ ಬರೆಸಿ. ಅದನ್ನು ಮನೆಗೆ ಒಯ್ದು ಅಜ್ಜಿಗೆ ತೋರಿಸಿ, ಅಜ್ಜಿಯ ಮಾತು ನಿಜವೋ ಸುಳ್ಳೋ ನೋಡಿ ಬರಲಿ. ಶಾಲೆಯ ಲೆಕ್ಕವನ್ನು ಮನೆಯವರು ಕೂತು ಕೇಳಿದ್ದನ್ನು ನಾನು ಕಂಡದ್ದು ಈ ಒಂದು ಸಂಗತಿಯಲ್ಲಿ.

ಐದನೇ ತರಗತಿಗೆ ಇನ್ನೊಂದು ಹೆಜ್ಜೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಶಾಲೆಯ ಮಾಡು 10 ಮೀಟರ್ ಉದ್ದ, 6 ಮೀಟರ್ ಅಗಲ ಇದ್ದರೆ, 100 ಮಿ.ಮೀ. ಬಿದ್ದ ದಿನ ಅದರ ಮೇಲೆ ಸುರಿದದ್ದು 6,000 ಲೀಟರ್. ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ಈ ಅಂಕಿಯನ್ನು ಮತ್ತೆ ಹಲಗೆಯ ಮೇಲೆ ಬರೆಯಿರಿ.

ಕೋಲಿನ ನೆರಳು

ಮಳೆ ನಿಂತ ಮೇಲೆ, ನವೆಂಬರ್‌ನಲ್ಲಿ, ಅಂಗಳದಲ್ಲಿ ಒಂದು ಮೀಟರಿನ ಕೋಲು ನೇರ ನೆಡಿ. ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಚಿಪ್ಪಿ ಇಡಿಸಿ. ನೆರಳು ಅತಿ ಚಿಕ್ಕದಾಗುವುದು ಎಷ್ಟು ಗಂಟೆಗೆ ಎಂದು ಮೊದಲೇ ಊಹಿಸಲು ಹೇಳಿ. ಎಲ್ಲರೂ ಹನ್ನೆರಡು ಎನ್ನುತ್ತಾರೆ, ಹೆಚ್ಚಿನ ಶಿಕ್ಷಕರೂ. ಆದರೆ ನಮ್ಮ ಕರಾವಳಿಯಲ್ಲಿ ನವೆಂಬರ್ ಮಧ್ಯಾಹ್ನ ಅದು ಹನ್ನೆರಡೂ ಕಾಲು ದಾಟಿದ ಮೇಲೆ, ಫೆಬ್ರುವರಿಯಲ್ಲಿ ಹನ್ನೆರಡೂ ಮುಕ್ಕಾಲರ ಹೊತ್ತಿಗೆ. ದೇಶದ ಗಡಿಯಾರ ಹೊಂದಿಸಿರುವುದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ, ಕಾರವಾರ ಇರುವುದು 74 ಡಿಗ್ರಿಯ ಹತ್ತಿರ. ಸೂರ್ಯ ನಮ್ಮ ತಲೆಯ ಮೇಲೆ ಬರಲು ಸರಾಸರಿ ಅರ್ಧ ಗಂಟೆ ತಡ. ಸಣ್ಣ ಮಕ್ಕಳಿಗೆ ರೇಖಾಂಶ ಬೇಡ, ‘ಗಡಿಯಾರ ಹೇಳಿದ್ದು ಒಂದು, ಚಿಪ್ಪಿ ಹೇಳಿದ್ದು ಇನ್ನೊಂದು’ ಎಂಬಷ್ಟಕ್ಕೆ ನಿಲ್ಲಿಸಿ.

ಘಟ್ಟದ ಮೇಲಿನವರಿಗೆ ಇದಕ್ಕಿಂತ ಮಜಾ ಅಡಿಕೆ ಹಾಳೆಯಲ್ಲಿದೆ. ಒಬ್ಬರನ್ನು ಹಾಳೆಯ ಮೇಲೆ ಕೂರಿಸಿ ಹುಲ್ಲು, ಸಿಮೆಂಟು, ಒದ್ದೆ ಮಣ್ಣು ಮೂರರ ಮೇಲೂ ಎಳೆಸಿ. ಎಲ್ಲಿ ಹಗುರ, ಎಲ್ಲಿ ಬಿಗಿ? ಘರ್ಷಣೆ ಎಂಬ ಶಬ್ದ ಆಮೇಲೆ ಬಂದರೆ ಸಾಕು.

ಉಪ್ಪು ತೆಗೆಯುವುದು

ಇದಕ್ಕೆ ಜನವರಿಯೇ ಸರಿ. ಬಿಸಿಲಿರುತ್ತದೆ, ಮಳೆಯ ಭಯವಿಲ್ಲ. ಮೂರು ಅಗಲ ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಒಂದಕ್ಕೆ ಬಾವಿ ನೀರು, ಒಂದಕ್ಕೆ ಹೊಳೆ ಕಡಲು ಸೇರುವ ಅಳಿವೆಯ ನೀರು, ಒಂದಕ್ಕೆ ಕಡಲ ನೀರು, ತಲಾ 200 ಮಿ.ಲೀ. ನೀರನ್ನು ದೊಡ್ಡವರು ತಂದುಕೊಡಬೇಕು. ಬಟ್ಟೆಯಲ್ಲಿ ಸೋಸಿ ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಕಾಗೆ ಬಂದು ಮುಟ್ಟುತ್ತದೆ. ಮೂರು ನಾಲ್ಕು ದಿನ ಬೇಕಾಗಬಹುದು. ಪ್ರತಿದಿನ ಮಕ್ಕಳು ನೋಡಿ ಚಿತ್ರ ಬರೆಯಲಿ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಾಗಾದರೆ 200 ಮಿ.ಲೀ.ಗೆ ಏಳು ಗ್ರಾಂ, ಒಂದು ಚಹಾ ಚಮಚಕ್ಕೆ ಸ್ವಲ್ಪ ಹೆಚ್ಚು. ಮಕ್ಕಳು ತಟ್ಟೆ ತುಂಬ ಉಪ್ಪು ಬರುತ್ತದೆಂದು ಕಾಯುತ್ತಿರುತ್ತಾರೆ, ಇಷ್ಟೇ ಕಂಡಾಗ ಆಗುವ ನಿರಾಸೆಯಿಂದಲೇ ಪಾಠ ಶುರು. ಒಂದು ಕಿಲೋ ಉಪ್ಪಿಗೆ ಎಷ್ಟು ನೀರು ಬೇಕು? ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಅಷ್ಟು ದೊಡ್ಡ ಉಪ್ಪಿನ ಆಗರ ಯಾಕೆ ಬೇಕು, ಅಲ್ಲಿ ನೀರನ್ನು ಅಷ್ಟು ತೆಳುವಾಗಿ ಯಾಕೆ ಹರಡುತ್ತಾರೆ? ತಟ್ಟೆಯ ಬದಲು ಲೋಟದಲ್ಲಿ 200 ಮಿ.ಲೀ. ಇಟ್ಟು ಹೋಲಿಸಿದರೆ ಉತ್ತರ ಅಲ್ಲೇ ಸಿಗುತ್ತದೆ. ತಟ್ಟೆಯಲ್ಲಿ ಬಂದ ಉಪ್ಪನ್ನು ನೆಕ್ಕಲು ಬಿಡಬೇಡಿ. ನೀರು ಸ್ವಚ್ಛ ಇರುವುದಿಲ್ಲ, ಕಹಿ ಲವಣಗಳೂ ಸೇರಿರುತ್ತವೆ.

ಅಳಿವೆಯ ತಟ್ಟೆ ಇನ್ನೊಂದು ಕತೆ ಹೇಳುತ್ತದೆ. ಅದೇ ಜಾಗದ ನೀರನ್ನು ಆಗಸ್ಟ್‌ನಲ್ಲಿ ಬತ್ತಿಸಿದ್ದರೆ ಉಪ್ಪು ಬಹಳ ಕಡಿಮೆ ಸಿಗುತ್ತಿತ್ತು, ಮಳೆನೀರು ಕಡಲನ್ನು ಹೊರಗೆ ತಳ್ಳಿರುತ್ತದೆ. ಅಘನಾಶಿನಿ ಹೊಳೆಯ ದಂಡೆಯ ಗಜನಿಯಲ್ಲಿ (ಉಪ್ಪುನೀರು ಏರುವ ತಗ್ಗು ಗದ್ದೆಯಲ್ಲಿ) ಕಗ್ಗ ಭತ್ತ ಬೆಳೆಯುವ ಮನೆಯ ಮಗು ತರಗತಿಯಲ್ಲಿದ್ದರೆ, ಉಪ್ಪುನೀರನ್ನು ತಡೆದುಕೊಳ್ಳುವ ಆ ಭತ್ತದ ಬಗ್ಗೆ ನಿಮಗಿಂತ ಚೆನ್ನಾಗಿ ಹೇಳುತ್ತದೆ. ನಾಲ್ಕು, ಐದರವರಿಗೆ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನು ಇದೇ ವಾರ ಹೇಳಿ. ತಾನೇ ಉಪ್ಪು ತೆಗೆದ ಮಗುವಿಗೆ, ಉಪ್ಪು ತೆಗೆದದ್ದಕ್ಕೆ ಜೈಲು ಎಂದರೆ ನಂಬಲಾಗುವುದಿಲ್ಲ. ‘ಯಾಕೆ?’ ಎಂದು ಕೇಳುತ್ತದೆ.

ಮನೆಮಾತಿನ ಗೋಡೆ

ಕೈ ಕೆಲಸಕ್ಕೆ ಮಾತು ಬರಬೇಕೆಂದೆ. ಯಾವ ಮಾತು? ನಮ್ಮ ಕೋಣೆಯಲ್ಲಿ ಕೊಂಕಣಿ, ಹಾಲಕ್ಕಿ ಕನ್ನಡ, ಹವ್ಯಕ ಕನ್ನಡ, ಉರ್ದು, ಮರಾಠಿ ಎಲ್ಲವೂ ಇರುತ್ತವೆ. ಪುಸ್ತಕದ ‘ಸಿಗಡಿ’ ನಮ್ಮಲ್ಲಿ ಶೆಟ್ಲಿ, ಕೊಂಕಣಿ ಮನೆಯಲ್ಲಿ ಸುಂಗ್ಟಾಂ. ಗೋಡೆಯ ಮೇಲೆ ಒಂದು ಚಿತ್ರ, ಅದರ ಕೆಳಗೆ ಮಕ್ಕಳು ಹೇಳಿದ ಹೆಸರುಗಳೆಲ್ಲ ಕನ್ನಡ ಲಿಪಿಯಲ್ಲಿ, ಕೊನೆಗೆ ಪುಸ್ತಕದ ಹೆಸರು. ವಾರಕ್ಕೆ ಮೂರು ಚಿತ್ರ ಸಾಕು. ತನ್ನ ಮನೆಯ ಶಬ್ದ ಗೋಡೆ ಏರಿದ ದಿನ, ಎರಡು ತಿಂಗಳಿಂದ ಬಾಯಿ ಬಿಡದ ಮಗು ಎದ್ದು ಓದಿದ್ದುಂಟು. ಕನ್ನಡ ಕೆಡುತ್ತದೆ ಎನ್ನುವವರಿದ್ದಾರೆ. ನನ್ನ ಕೋಣೆಯಲ್ಲಿ ಕೆಟ್ಟದ್ದು ಕಂಡಿಲ್ಲ.

ನಲವತ್ತು ನಿಮಿಷ ಹೇಗೆ ಹಂಚುವುದು

ಐದು ನಿಮಿಷ ಪ್ರಶ್ನೆ ಹೇಳಿ ಊಹೆ ಕೇಳಿ. ಇಪ್ಪತ್ತು ನಿಮಿಷ ಕೈ ಕೆಲಸ. ಹತ್ತು ನಿಮಿಷ ಮಾತು. ಉಳಿದ ಐದರಲ್ಲಿ ಸಾಮಾನು ಎಣಿಸಿ ಡಬ್ಬಿಗೆ ಹಾಕುವುದು. ಸಮಯ ಕಡಿಮೆ ಬಿದ್ದರೆ ಕೈ ಕೆಲಸದಿಂದ ಕಡಿಮೆ ಮಾಡಿ, ಮಾತಿನಿಂದಲ್ಲ. ಆ ಹತ್ತು ನಿಮಿಷ ಹೋದರೆ ಉಳಿದದ್ದು ಬರೀ ಗಲಾಟೆ. ಕಡ್ಡಿ ಎಣಿಸಿ ಹಾಕುವುದೂ ಗಣಿತವೇ, ‘118 ಇದೆ, ಎರಡು ಎಲ್ಲಿ?’ ಎಂದು ಅವರೇ ಬೆಂಚಿನಡಿ ಹುಡುಕುತ್ತಾರೆ.

ಮೂರು ತರಗತಿ ಒಟ್ಟಿಗಿದ್ದರೆ ಎಲ್ಲರಿಗೂ ಒಂದೇ ದಿನ ಕೈ ಕೆಲಸ ಇಟ್ಟುಕೊಳ್ಳಬೇಡಿ. ಒಂದು ಗುಂಪು ನಿಮ್ಮ ಜೊತೆ ಕಡ್ಡಿ ಹಿಡಿದಿರಲಿ, ಉಳಿದವರು ಕಾರ್ಡು, ಮರಳುತಟ್ಟೆ ನೋಡಿಕೊಳ್ಳಲಿ. ಹೊರಗೆ ಹೋಗುವ ಕೆಲಸಗಳನ್ನು ಸಂಭ್ರಮ ಶನಿವಾರಕ್ಕೆ ಇಟ್ಟುಕೊಳ್ಳಿ, ಬ್ಯಾಗ್ ಇಲ್ಲದ ದಿನ ಕೈ ಖಾಲಿ ಇರುತ್ತದೆ. ಕಡಲತಡಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವ ಯೋಚನೆಯೇ ಬೇಡ. ಆಮೇಲೆ ಹೋದರೂ ಮುಖ್ಯ ಶಿಕ್ಷಕರ ಅನುಮತಿ, ಪಾಲಕರ ಒಪ್ಪಿಗೆ, ಎಂಟು ಹತ್ತು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ಇರಬೇಕು. ನೀರಿಗೆ ಕಾಲಿಡುವಂತಿಲ್ಲ.

ಪಾಲಕರು ಕೇಳುತ್ತಾರೆ. ‘ಅಕ್ಕೋರೆ, ಚಿಪ್ಪಿ ಹೆಕ್ಕೂಕೆ ಸಾಲೆಗೆ ಕಳ್ಸೂದಾ? ಅದ್ನ ಮನೆಲೇ ಮಾಡ್ತಿದ್ದ ಅಲ್ದಾ’ ಎಂದು ಒಬ್ಬ ತಾಯಿ ಎಲ್ಲರೆದುರೇ ಕೇಳಿದರು. ವಾದ ಮಾಡಲಿಲ್ಲ. ಮುಂದಿನ ಶನಿವಾರ ಪಾಲಿನ ಆಟಕ್ಕೆ ಅವರನ್ನೇ ಕರೆದು ಪೇಟೆಯ ಯಜಮಾನಿ ಮಾಡಿದೆ. ಚೌಕಾಸಿ ಹೇಗೆ ಮಾಡಬೇಕೆಂದು ಮಕ್ಕಳಿಗೆ ನನಗಿಂತ ಚೆನ್ನಾಗಿ ಕಲಿಸಿದರು. ಮನೆಗೆ ಹೊರಡುವಾಗ ಮಗನ ಪಟ್ಟಿ ತಿರುವಿ ನೋಡಿ, ಕಂತೆಯ ಗೆರೆ ಚುಕ್ಕಿಗಳ ಅರ್ಥ ಅವನಿಂದಲೇ ಕೇಳಿಕೊಂಡು ಹೋದರು.

ಕಲಿತದ್ದನ್ನು ಗುರುತಿಸಲು ನಾನೊಂದು ನೋಟುಬುಕ್ಕು ಇಟ್ಟಿದ್ದೇನೆ, ಮಗುವಿಗೊಂದು ಪುಟ. ದಿನಕ್ಕೆ ನಾಲ್ಕೇ ಮಕ್ಕಳನ್ನು ನೋಡುತ್ತೇನೆ, ಒಂದೊಂದು ಸಾಲು ಬರೆಯುತ್ತೇನೆ. ‘ಚಟುವಟಿಕೆಯಲ್ಲಿ ಭಾಗವಹಿಸಿದ’ ಎಂಬಂಥ ಸಾಲು ಬರೆದರೆ ದಂಡ. ‘ಕಂತೆ ತಾನೇ ಬಿಚ್ಚಿದ, ಯಾಕೆಂದು ಹೇಳಲಿಲ್ಲ’ ಎಂದು ಬರೆದರೆ ನಾಳೆ ಅವನಿಗೆ ಏನು ಕೇಳಬೇಕೆಂದು ಗೊತ್ತಾಗುತ್ತದೆ.

ಮಾರ್ಚ್ ಕೊನೆಗೆ ಡಬ್ಬಿಗಳನ್ನು ಬಿಸಿಲಿಗಿಟ್ಟು ತೆಗೆದಿಡಿ. ಹಿಡಿಕಡ್ಡಿಗೆ ಒರಲೆ ಹತ್ತುತ್ತದೆ, ಒಣ ಬೇವಿನೆಲೆ ಹಾಕಿ ಮುಚ್ಚಿ. ಗೋಡೆಯ ಮಳೆಪಟ್ಟಿಯನ್ನು ಮಾತ್ರ ಕಿತ್ತು ಎಸೆಯಬೇಡಿ. ಬರುವ ವರ್ಷ ಅದರ ಪಕ್ಕದಲ್ಲೇ ಹೊಸದನ್ನು ಅಂಟಿಸಬೇಕು, ಬಾಟಲಿಗೆ ಹೊಸ ಟೇಪು ಸುತ್ತಿ ಮೃಗಶಿರ ಹುಟ್ಟುವ ಮೊದಲೇ ಬಕೆಟ್ಟಿನಲ್ಲಿ ಹೂತಿರಬೇಕು.